ವಿಶ್ವವಿದ್ಯಾಲಯದ ಕಲಾಸಂಗ್ರಹ: ಕಾಯುವುದೋ, ಮಾರುವುದೋ?

2008ರ ಜೂನ್‌ನಲ್ಲಿ ಅಮೆರಿಕದ ಅಯೋವಾ ನದಿ ಉಕ್ಕಿತು. ಅಯೋವಾ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯ ಇದ್ದದ್ದು ನದಿಯ ದಡದಲ್ಲೇ. ನೀರು ನುಗ್ಗುವ ಮೊದಲೇ ಸಿಬ್ಬಂದಿ ಹಗಲು ರಾತ್ರಿ ದುಡಿದು ಕೃತಿಗಳನ್ನು ಕಟ್ಟಿ ಷಿಕಾಗೋಗೆ ಸಾಗಿಸಿದರು. ಹಾಗೆ ಪಾರಾದವುಗಳಲ್ಲಿ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ 1943ರಲ್ಲಿ ಬಿಡಿಸಿದ ‘ಮ್ಯೂರಲ್’ ಕೂಡ ಇತ್ತು. ಅದು ಎಂಟು ಅಡಿ ಎತ್ತರ, ಸುಮಾರು ಇಪ್ಪತ್ತು ಅಡಿ ಅಗಲದ ಚಿತ್ರ.

ಪ್ರವಾಹ ಇಳಿದು ಕೆಲವೇ ವಾರಗಳಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಯಲ್ಲಿ ಬೇರೆಯೇ ಮಾತು ಶುರುವಾಯಿತು. ಈ ಚಿತ್ರವನ್ನು ಮಾರಿದರೆ ಎಷ್ಟು ಬರಬಹುದು? ಮಂಡಳಿಗೆ ಸಿಕ್ಕ ಅಂದಾಜು 14 ಕೋಟಿ ಡಾಲರ್. 2011ರಲ್ಲಿ ಚಿತ್ರ ಮಾರಿ ವಿದ್ಯಾರ್ಥಿವೇತನದ ನಿಧಿ ಕಟ್ಟಬೇಕೆಂಬ ಮಸೂದೆಯೇ ಶಾಸನಸಭೆಗೆ ಬಂತು. ವಿರೋಧ ಜೋರಾದಾಗ ಅದು ಬಿದ್ದುಹೋಯಿತು. ವಿದ್ಯಾರ್ಥಿವೇತನ ಎಂದರೆ ಯಾರು ತಾನೇ ಬೇಡ ಎನ್ನುತ್ತಾರೆ? ಈ ವಾದದ ಬಲ ಇರುವುದೇ ಅಲ್ಲಿ. ಕಲಾಕೃತಿಯನ್ನು ಮಾರಲು ಹೊರಟವರು ಸಾಮಾನ್ಯವಾಗಿ ಕೈಯಲ್ಲಿ ಒಂದು ಒಳ್ಳೆಯ ಕಾರಣ ಹಿಡಿದೇ ಬರುತ್ತಾರೆ.

ಇಂಥ ಚಿತ್ರಗಳು ಕಾಲೇಜುಗಳಿಗೆ ಬಂದ ಬಗೆಯನ್ನು ನೋಡಿದರೆ ಜಗಳದ ಬೇರು ಕಾಣುತ್ತದೆ. ‘ಮ್ಯೂರಲ್’ ಅನ್ನು ಕಲಾಸಂಗ್ರಾಹಕಿ ಪೆಗ್ಗಿ ಗುಗ್ಗನ್‌ಹೈಮ್ ತಮ್ಮ ನ್ಯೂಯಾರ್ಕ್ ಮನೆಯ ಪಡಸಾಲೆಗೆ ಬರೆಸಿದ್ದು. ನೇರವಾಗಿ ಗೋಡೆಯ ಮೇಲೆ ಬೇಡ, ಬೇಕೆಂದಾಗ ಸಾಗಿಸಲು ಬರುವಂತೆ ಕ್ಯಾನ್ವಾಸಿನ ಮೇಲಿರಲಿ ಎಂದು ಸಲಹೆ ಕೊಟ್ಟವರು ಕಲಾವಿದ ಮಾರ್ಸೆಲ್ ದ್ಯುಷಾಂ. ಅದರಿಂದಲೇ 1951ರಲ್ಲಿ ಅದು ಕಾಣಿಕೆಯಾಗಿ ಅಯೋವಾ ಸೇರುವುದು ಸಾಧ್ಯವಾಯಿತು. ಆಗ ಅಲ್ಲಿ ಸಂಗ್ರಹಾಲಯವೇ ಇರಲಿಲ್ಲ. ಚಿತ್ರ ತೂಗಿದ್ದು ವಿದ್ಯಾರ್ಥಿಗಳು ಬಣ್ಣ ಕಲಸುತ್ತಿದ್ದ ಸ್ಟುಡಿಯೋದಲ್ಲಿ. ಮುಂದೆ ಎಲಿಯಟ್ ದಂಪತಿ, ನೀವು ಕಟ್ಟಡ ಕಟ್ಟಿದರೆ ನಮ್ಮ ಸಂಗ್ರಹ ನಿಮಗೆ ಎಂದು ಷರತ್ತು ಹಾಕಿದ ಮೇಲೆ, 1969ರಲ್ಲಿ ಸಂಗ್ರಹಾಲಯದ ಬಾಗಿಲು ತೆರೆಯಿತು.

ವರ್ಜೀನಿಯಾದ ಒಂದು ಮಹಿಳಾ ಕಾಲೇಜಿನ ಕಥೆ ಇನ್ನೂ ಹಳೆಯದು. ಜಾರ್ಜ್ ಬೆಲೋಸ್ ಬಿಡಿಸಿದ ‘ಮೆನ್ ಆಫ್ ದ ಡಾಕ್ಸ್’ ಚಿತ್ರವನ್ನು 1920ರಲ್ಲಿ ಅಲ್ಲಿನ ವಿದ್ಯಾರ್ಥಿನಿಯರು, ಊರಿನವರು ಚಂದಾ ಎತ್ತಿ 2,500 ಡಾಲರಿಗೆ ಕೊಂಡರು. ಅದೇ ಕಾಲೇಜು ರ್‍ಯಾಂಡಾಲ್ಫ್ ಎಂದು ಹೆಸರು ಬದಲಿಸಿಕೊಂಡ 2007ರಲ್ಲಿ ಹಣದ ಮುಗ್ಗಟ್ಟಿನಿಂದ ನಾಲ್ಕು ಚಿತ್ರಗಳನ್ನು ಮಾರಾಟಕ್ಕೆಂದು ಹೊರಗೆ ಸಾಗಿಸಿತು. ಬೆಲೋಸ್ ಚಿತ್ರ 2014ರಲ್ಲಿ 2.55 ಕೋಟಿ ಡಾಲರಿಗೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಪಾಲಾಯಿತು. ಚಿತ್ರ ಒಳ್ಳೆಯ ಜಾಗಕ್ಕೇ ಹೋಯಿತು, ಲಕ್ಷಾಂತರ ಜನ ನೋಡುತ್ತಾರೆ, ನಿಜ. ಆದರೆ ಚಂದಾ ಕೊಟ್ಟ ಹುಡುಗಿಯರು ಮುಂದೊಂದು ದಿನ ಲಾಭಕ್ಕೆ ಮಾರಲಿ ಎಂದು ಕೊಟ್ಟಿರಲಿಲ್ಲ.

ಹೆಚ್ಚು ನೋವು ಕೊಡುವುದು ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದ ಪ್ರಕರಣ. ಕರಿಯ ಜನಾಂಗದ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಸಂಸ್ಥೆ ಅದು. ಶಾಲೆ, ಬಸ್ಸು, ಹೋಟೆಲು ಎಲ್ಲದರಲ್ಲೂ ವರ್ಣಭೇದ ಇದ್ದ 1949ರಲ್ಲಿ ಚಿತ್ರ ಕಲಾವಿದೆ ಜಾರ್ಜಿಯಾ ಓಕೀಫ್ ತಮ್ಮ ಗಂಡ, ಛಾಯಾಗ್ರಾಹಕ ಸ್ಟೀಗ್ಲಿಟ್ಸ್ ಅವರ ಸಂಗ್ರಹದಿಂದ, ತಮ್ಮವನ್ನೂ ಸೇರಿಸಿ, 101 ಕೃತಿಗಳನ್ನು ಅಲ್ಲಿಗೇ ಕೊಟ್ಟರು. ಸೆಜಾನ್, ಪಿಕಾಸೊ, ರೆನ್ವಾರ್ ಎಲ್ಲರೂ ಅದರಲ್ಲಿದ್ದರು. ಮಾರಬಾರದು, ಬಿಡಿಬಿಡಿಯಾಗಿಸಬಾರದು ಎಂಬುದು ಷರತ್ತು. 2005ರಲ್ಲಿ ಸಾಲದ ಸುಳಿಗೆ ಸಿಕ್ಕ ಫಿಸ್ಕ್, ಎರಡು ಚಿತ್ರ ಮಾರಲು ಅನುಮತಿ ಕೋರಿ ಕೋರ್ಟಿಗೆ ಹೋಯಿತು. ವರ್ಷಗಟ್ಟಲೆ ವ್ಯಾಜ್ಯ ನಡೆದು 2012ರಲ್ಲಿ ಒಪ್ಪಂದವಾಯಿತು: ಆರ್ಕನ್ಸಾದ ಕ್ರಿಸ್ಟಲ್ ಬ್ರಿಜಸ್ ಸಂಗ್ರಹಾಲಯ 3 ಕೋಟಿ ಡಾಲರ್ ಕೊಟ್ಟು ಅರ್ಧ ಪಾಲು ಪಡೆಯಿತು. ಈಗ ಕೃತಿಗಳು ಎರಡು ವರ್ಷ ಅಲ್ಲಿ, ಎರಡು ವರ್ಷ ಇಲ್ಲಿ. ಫಿಸ್ಕ್ ಅನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಅದರ ಬಡತನಕ್ಕೆ ಅದು ಒಂದೇ ಹೊಣೆಯಲ್ಲ.

ಬ್ರಾಂಡೈಸ್ ವಿಶ್ವವಿದ್ಯಾಲಯದ ಮಾತು ಬೇರೆ. ಅಲ್ಲಿನ ರೋಸ್ ಸಂಗ್ರಹಾಲಯ ಶುರುವಾದದ್ದು 1961ರಲ್ಲಿ. ಮೊದಲ ನಿರ್ದೇಶಕ ಸ್ಯಾಮ್ ಹಂಟರ್ ಕೈಗೆ ದಾನಿಗಳು 50,000 ಡಾಲರ್ ಕೊಟ್ಟಿದ್ದರು. ಯಾವ ಚಿತ್ರಕ್ಕೂ 5,000 ಮೀರಿ ಕೊಡದೆ ಅವರು ವಾರ್ಹಾಲ್, ಲಿಕ್ಟನ್‌ಸ್ಟೈನ್, ಜಾಸ್ಪರ್ ಜಾನ್ಸ್ ಮೊದಲಾದವರ 21 ಕೃತಿ ತಂದರು. ಆಗ ಅವರೆಲ್ಲ ಎಳೆಯ ಕಲಾವಿದರು. ಇಡೀ ಸಂಗ್ರಹ ಮುಂದೆ ಸುಮಾರು 35 ಕೋಟಿ ಡಾಲರ್ ಬಾಳುವಷ್ಟು ಬೆಳೆಯಿತು. ಆರ್ಥಿಕ ಕುಸಿತದ ನಡುವೆ, 2009ರ ಜನವರಿ 26ರಂದು, ಸಂಗ್ರಹಾಲಯ ಮುಚ್ಚಿ ಕೃತಿಗಳನ್ನು ಮಾರಲು ಧರ್ಮದರ್ಶಿಗಳು ಒಮ್ಮತದಿಂದ ಮತ ಹಾಕಿದರು. ಸಂಗ್ರಹಾಲಯದವರಿಗೆ ಸುಳಿವೇ ಇರಲಿಲ್ಲ. ಸಂಗ್ರಹಾಲಯಕ್ಕೆ ನೆರವಾಗುತ್ತಿದ್ದ ಕೆಲವರು ದಾವೆ ಹೂಡಿದರು. 2011ರ ಜೂನ್‌ನಲ್ಲಿ ರಾಜಿಯಾಯಿತು, ಸಂಗ್ರಹ ಉಳಿಯಿತು.

ಸ್ವತಂತ್ರ ಸಂಗ್ರಹಾಲಯಕ್ಕೆ ತನ್ನದೇ ಆಡಳಿತ ಮಂಡಳಿ ಇರುತ್ತದೆ. ವಿಶ್ವವಿದ್ಯಾಲಯದ ಸಂಗ್ರಹಾಲಯ ಹಾಗಲ್ಲ, ಅದು ಗ್ರಂಥಾಲಯದ ಹಾಗೆ ಒಂದು ವಿಭಾಗ ಅಷ್ಟೆ. ಪ್ರದರ್ಶನ ಯಾವುದು, ಎರವಲು ಯಾರಿಗೆ, ಕೃತಿ ಯಾವ ಕಪಾಟಿನಲ್ಲಿ ಎಂಬುದನ್ನು ಸಂಗ್ರಹ ನೋಡಿಕೊಳ್ಳುವ ಕ್ಯುರೇಟರು, ಕೃತಿಗಳ ದಾಖಲೆ ಇಡುವ ರಿಜಿಸ್ಟ್ರಾರು ತೀರ್ಮಾನಿಸಬಹುದು. ಒಡೆತನ ಮಾತ್ರ ಮೇಲಿನವರದು. ಅಮೆರಿಕದ ಕಲಾ ಸಂಗ್ರಹಾಲಯ ನಿರ್ದೇಶಕರ ಸಂಘ, ಕೃತಿ ಮಾರಿದ ಹಣದಿಂದ ಕೃತಿಯನ್ನೇ ಕೊಳ್ಳಬೇಕು ಎಂದು ಬಹುಕಾಲ ಪಟ್ಟು ಹಿಡಿದಿತ್ತು. 2022ರಲ್ಲಷ್ಟೇ ಕೃತಿಗಳ ನೇರ ಆರೈಕೆಗೂ ಬಳಸಬಹುದು ಎಂದು ಸಡಿಲಿಸಿತು. ನಿಯಮ ಮುರಿದವರಿಗೆ ಸದಸ್ಯ ಸಂಗ್ರಹಾಲಯಗಳು ಎರವಲು ಕೊಡುವುದಿಲ್ಲ. ಇದು ಕ್ಯುರೇಟರಿಗೆ ತಟ್ಟುವ ಶಿಕ್ಷೆ, ಮಾರಲು ಸಹಿ ಹಾಕಿದ ಧರ್ಮದರ್ಶಿಗೆ ತಟ್ಟುವುದಿಲ್ಲ. ಈ ನಿಯಮದ ದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ.

ಮಾರಿಬಿಟ್ಟರೆ ಏನು ಹೋಗುತ್ತದೆ ಎಂಬುದಕ್ಕೆ ಅಯೋವಾದ್ದೇ ಉದಾಹರಣೆ ಇದೆ. 2012ರಿಂದ 2014ರವರೆಗೆ ‘ಮ್ಯೂರಲ್’ ಲಾಸ್ ಏಂಜಲಿಸ್‌ನ ಗೆಟ್ಟಿ ಸಂಸ್ಥೆಯಲ್ಲಿ ಶುಚಿಗೊಂಡಿತು. ಪೊಲಾಕ್ ಇಡೀ ಚಿತ್ರವನ್ನು ಒಂದೇ ರಾತ್ರಿಯಲ್ಲಿ ಮುಗಿಸಿದರೆಂಬ ದಂತಕಥೆ ಅಲ್ಲಿ ಸುಳ್ಳಾಯಿತು. ಒಂದು ಪದರ ಒಣಗಿದ ಮೇಲೆ ಇನ್ನೊಂದು ಬಿದ್ದಿತ್ತು. ಕಲಾವಿದರ ಎಣ್ಣೆಬಣ್ಣಗಳ ನಡುವೆ ಗೋಡೆಗೆ ಬಳಿಯುವ ಬಿಳಿ ಬಣ್ಣವೂ ಸಿಕ್ಕಿತು. 1973ರ ರಿಪೇರಿಯಲ್ಲಿ ಮೇಲೆ ಬಳಿದಿದ್ದ ವಾರ್ನಿಷ್ ತೆಗೆದಾಗ ಬಣ್ಣಗಳ ಹೊಳಪಿನ ವ್ಯತ್ಯಾಸ ಮತ್ತೆ ಎದ್ದು ಕಂಡಿತು. ಜೋತುಬಿದ್ದು ಅಂಕುಡೊಂಕಾಗಿದ್ದ ಅಂಚಿಗೆ ತಕ್ಕಂತೆ ಹೊಸ ಮರದ ಚೌಕಟ್ಟನ್ನೇ ಮಾಡಿದರು. ಹಳೆಯ ಕಟ್ಟಡದಲ್ಲಿ ವಿಮೆ ಸಿಗದ ಕಾರಣ ಸಂಗ್ರಹ ಹದಿನಾಲ್ಕು ವರ್ಷ ಊರೂರು ಸುತ್ತಿ, 2022ರ ಆಗಸ್ಟ್‌ನಲ್ಲಿ ಹೊಸ ಸ್ಟ್ಯಾನ್ಲಿ ಸಂಗ್ರಹಾಲಯ ಸೇರಿತು.

ಇಂಡಿಯಾನಾದ ವಾಲ್ಪರೈಸೊ ವಿಶ್ವವಿದ್ಯಾಲಯದಲ್ಲಿ ಹಾಗಾಗಲಿಲ್ಲ. ಹೊಸ ವಿದ್ಯಾರ್ಥಿಗಳ ವಸತಿಗೃಹ ದುರಸ್ತಿಗೆ ಹಣ ಬೇಕೆಂದು 2023ರಲ್ಲಿ ಅದು ಓಕೀಫ್, ಫ್ರೆಡರಿಕ್ ಚರ್ಚ್, ಚೈಲ್ಡ್ ಹ್ಯಾಸಮ್ ಅವರ ತಲಾ ಒಂದು ಚಿತ್ರ ಮಾರಲು ಹೊರಟಿತು. ಸಂಗ್ರಹಾಲಯದ ಮೊದಲ ನಿರ್ದೇಶಕ ರಿಚರ್ಡ್ ಬ್ರಾವರ್ ಅವರ ಹೆಸರೇ ಅದಕ್ಕಿತ್ತು. ಮಾರುವುದಾದರೆ ನನ್ನ ಹೆಸರು ತೆಗೆಯಿರಿ ಎಂದರು ಅವರು. ಮೂಲ ನಿಧಿ ಪರ್ಸಿ ಸ್ಲೋನ್ ಎಂಬ ದಾನಿಯದು. ಸಾಂಪ್ರದಾಯಿಕ ಶೈಲಿಯ ಚಿತ್ರ ಕೊಳ್ಳಿ ಎಂದು 1953ರ ದತ್ತಿಯಲ್ಲಿತ್ತು. ಆ ನಿಧಿಯಿಂದ ಕೊಂಡ ಓಕೀಫ್, ಹ್ಯಾಸಮ್ ಚಿತ್ರಗಳು ಆ ಬಗೆಯವೇ ಅಲ್ಲ ಎಂಬ ವಿಶ್ವವಿದ್ಯಾಲಯದ ವಾದವನ್ನು ಒಪ್ಪಿ 2024ರಲ್ಲಿ ನ್ಯಾಯಾಧೀಶರು ಮಾರಾಟಕ್ಕೆ ಅನುಮತಿ ಕೊಟ್ಟರು. ದಶಕಗಳ ಕಾಲ ತಾನೇ ಹೆಮ್ಮೆಯಿಂದ ತೋರಿಸಿದ್ದ ಚಿತ್ರಗಳನ್ನು, ಅವು ಬರಬೇಕಾದವೇ ಅಲ್ಲ ಎಂದು ಸಂಸ್ಥೆಯೊಂದು ಕೋರ್ಟಿನಲ್ಲಿ ನಿಂತು ಹೇಳಿತು. ಅದೇ ವರ್ಷ ಸಂಗ್ರಹಾಲಯವೂ ಮುಚ್ಚಿತು. ಇನ್ನು ಮುಂದೆ ಕಾಲೇಜಿಗೆ ಚಿತ್ರ ಕೊಡುವವರು ದಾನಪತ್ರಕ್ಕೆ ಸಹಿ ಹಾಕುವ ಮುನ್ನ ತಮ್ಮದೇ ವಕೀಲರಿಗೆ ಅದನ್ನು ತೋರಿಸುವುದು ಒಳ್ಳೆಯದು.