ಕೆರೆ, ದಡ ಮತ್ತು ನಾಲ್ಕು ವರ್ಷದ ಮಿದುಳು

ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಒಂದು ಗೆರೆ. ಈ ಕಡೆ ದಡ, ಆ ಕಡೆ ಕೆರೆ. ಟೀಚರ್ 'ಕೆರೆ' ಅಂದರೆ ಮಕ್ಕಳೆಲ್ಲ ಆ ಕಡೆ ಜಿಗಿಯಬೇಕು, 'ದಡ' ಅಂದರೆ ವಾಪಸ್ ಬರಬೇಕು. ಕೆರೆ, ದಡ, ಕೆರೆ, ದಡ, ಕೆರೆ... ಕೆರೆ! ಎರಡನೇ ಸಲ ಕೆರೆ ಅಂದಾಗ ಅರ್ಧಕ್ಕರ್ಧ ಮಕ್ಕಳು ದಡಕ್ಕೆ ಹಾರಿಬಿಟ್ಟರು. ಗುಂಗುರು ಕೂದಲಿನ ಒಬ್ಬಳು ಮಾತ್ರ ಒಂದು ಕಾಲು ಎತ್ತಿ, ಎರಡೂ ಕೈ ಅಗಲಿಸಿ, ಓಲಾಡುತ್ತ ನಿಂತಳು. ಕಾಲು ಎಲ್ಲಿಡಬೇಕು ಅನ್ನುವ ಯೋಚನೆ ಮುಖದ ತುಂಬ ಕಾಣುತ್ತಿತ್ತು. ಕೊನೆಗೆ, ಎತ್ತಿದ ಜಾಗದಲ್ಲೇ ಮೆಲ್ಲಗೆ ಇಟ್ಟಳು.

ತುಮಕೂರು ಕಡೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ ನಾನು ಒಂದು ವಾರ ಕೂತು ನೋಡಿದ್ದೆಲ್ಲದರಲ್ಲಿ ಆ ಎತ್ತಿದ ಕಾಲು ಮತ್ತೆ ಮತ್ತೆ ನೆನಪಾಗುತ್ತದೆ.

ಹೊರಟ ಕಾಲನ್ನು ತಡೆದು ನಿಲ್ಲಿಸುವುದು ನಾಲ್ಕು ವರ್ಷದ ಮಗುವಿಗೆ ಸಣ್ಣ ಕೆಲಸವಲ್ಲ. ಮೊದಲು ಆಟದ ನಿಯಮ ನೆನಪಿರಬೇಕು. ಪಕ್ಕದವರು ಹಾರಿದರು ಅಂತ ತಾನೂ ಹಾರಬಾರದು. ರೂಢಿಯಾದ ಲಯ ಮುರಿದಾಗ ಅದಕ್ಕೆ ತಕ್ಕಂತೆ ತಿರುಗಬೇಕು. ಈ ಮೂರನ್ನೂ ನೋಡಿಕೊಳ್ಳುವುದರಲ್ಲಿ ಹಣೆಯ ಹಿಂದಿರುವ ಮಿದುಳಿನ ಮುಂಭಾಗದ ಪಾತ್ರ ದೊಡ್ಡದು. ಆ ಭಾಗ ಇಪ್ಪತ್ತು ವರ್ಷ ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಆದರೆ ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಎದ್ದು ಕಾಣುವಷ್ಟು ಬೆಳೆಯುವುದು ಮೂರರಿಂದ ಐದು ವರ್ಷದ ನಡುವೆ, ಅಂದರೆ ಮಕ್ಕಳು ಅಂಗನವಾಡಿಗೆ ಬರುವ ವಯಸ್ಸಿನಲ್ಲೇ.

ಇದನ್ನು ಅಳೆಯಲು ಅಮೆರಿಕದ ಸಂಶೋಧಕರು ಒಂದು ಪರೀಕ್ಷೆ ಮಾಡಿಕೊಂಡಿದ್ದಾರೆ. 'ತಲೆ ಮುಟ್ಟು' ಅಂದರೆ ಮಗು ಕಾಲ್ಬೆರಳು ಮುಟ್ಟಬೇಕು, 'ಕಾಲ್ಬೆರಳು ಮುಟ್ಟು' ಅಂದರೆ ತಲೆ. ಇದರಲ್ಲಿ ಚೆನ್ನಾಗಿ ಮಾಡುವ ಮಕ್ಕಳು ಓದು ಮತ್ತು ಲೆಕ್ಕದಲ್ಲೂ ಮುಂದಿರುವುದು ಅವರ ಅಧ್ಯಯನಗಳಲ್ಲಿ ಕಂಡಿದೆ. ನಮ್ಮ ಟೀಚರಿಗೆ ಈ ಪರೀಕ್ಷೆಯ ವಿಷಯ ಗೊತ್ತಿರಲಿಲ್ಲ. ಆದರೆ ಗುರುವಾರ ಅವರು 'ಇವತ್ತು ಉಲ್ಟಾ' ಅಂದರು. ಕೆರೆ ಅಂದರೆ ದಡ, ದಡ ಅಂದರೆ ಕೆರೆ. ಹೆಚ್ಚುಕಮ್ಮಿ ಅದೇ ಪರೀಕ್ಷೆ! ಕೆರೆ-ದಡ ಆಡಿಸಿಬಿಟ್ಟರೆ ಮಕ್ಕಳು ಲೆಕ್ಕದಲ್ಲಿ ಜಾಣರಾಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಲೆಕ್ಕ ಕಲಿಯಲು ಬೇಕಾದ ತಾಳ್ಮೆಯ ಅಭ್ಯಾಸ ಅಲ್ಲಿ ನಗುನಗುತ್ತಲೇ ನಡೆಯುತ್ತಿತ್ತು.

ಮಂಗಳವಾರ ಹುಣಸೆ ಬೀಜದ ದಿನ. (ಬೀಜ ಬಾಯಿಗೆ, ಮೂಗಿಗೆ ಹೋಗದ ಹಾಗೆ ಟೀಚರ್ ಮತ್ತು ಸಹಾಯಕಿ ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದರು. ಮನೆಯಲ್ಲಿ ಆಡಿಸುವವರೂ ಹಾಗೇ ಕೂರಬೇಕು.) ನಾನೂ ಒಂದು ಹಳೆಯ ಪ್ರಯೋಗ ಮಾಡಿ ನೋಡಿದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳ ಯೋಚನೆಯನ್ನು ಅರಿಯಲು ಬಳಸಿದ ಪ್ರಯೋಗ ಅದು. ಆರು ಬೀಜದ ಎರಡು ಸಾಲು ಎದುರುಬದುರು ಇಟ್ಟೆ. 'ಎರಡೂ ಒಂದೇ ಸಮ' ಅಂದ ಒಬ್ಬ ಹುಡುಗ. ಅವನ ಕಣ್ಣೆದುರೇ ಒಂದು ಸಾಲನ್ನು ಉದ್ದಕ್ಕೆ ಹರಡಿದೆ. 'ಈಗ?' 'ಇದ್ರಲ್ಲಿ ಜಾಸ್ತಿ!' ಅಂತ ಉದ್ದ ಸಾಲು ತೋರಿಸಿದ.

ಇದನ್ನು ನೋಡಿ ಮಗುವಿಗೆ ಸಂಖ್ಯೆಯೇ ಗೊತ್ತಿಲ್ಲ ಅಂದುಬಿಡುವುದು ಸುಲಭ. ಆದರೆ 1974ರಲ್ಲಿ ಸ್ಕಾಟ್ಲೆಂಡಿನಲ್ಲಿ ಇಬ್ಬರು ಸಂಶೋಧಕರು ಇದನ್ನೇ ಸ್ವಲ್ಪ ಬದಲಿಸಿದರು. ಸಾಲು ಕೆಡಿಸಿದ್ದು ದೊಡ್ಡವರಲ್ಲ, ಒಂದು ತುಂಟ ಕರಡಿ ಬೊಂಬೆ. ಆಗ ಸರಿಯಾಗಿ ಉತ್ತರಿಸಿದ ಮಕ್ಕಳು ಎಷ್ಟೋ ಜಾಸ್ತಿ. ಯೋಚಿಸಿ ನೋಡಿ. ಒಬ್ಬ ದೊಡ್ಡವರು ಗಂಭೀರವಾಗಿ ಬೀಜ ಸರಿಸಿ, ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ 'ಉತ್ತರ ಬದಲಾಗಿರಬೇಕು' ಅಂತ ಮಗು ಅಂದುಕೊಳ್ಳುತ್ತದೆ, ಅಲ್ವಾ? ಬೊಂಬೆ ಕೆಡಿಸಿದರೆ ಅದು ಆಟ. ಅಂದಮೇಲೆ ಮಗುವಿಗೆ ಎಷ್ಟು ಗೊತ್ತು ಅನ್ನುವುದು ನಾವು ಕೇಳುವ ರೀತಿಯ ಮೇಲೂ ನಿಂತಿದೆ.

ಬುಧವಾರ ಮಕ್ಕಳು ತಾವೇ ಬಸ್ಸು ಮಾಡಿದರು. ಚಾಪೆ ಬಸ್ಸು, ಸ್ಟೀಲ್ ತಟ್ಟೆ ಸ್ಟೇರಿಂಗು. ಕಂಡಕ್ಟರ್ ಆದವನು ಒಬ್ಬಳನ್ನು ತಡೆದ: 'ಆಧಾರ್ ಕಾರ್ಡ್ ತೋರ್ಸಿ.' ಅವಳು ಒಂದು ಹಲಸಿನ ಎಲೆ ತೋರಿಸಿದಳು. ಫ್ರೀ ಟಿಕೆಟ್ ಸಿಕ್ಕಿತು. ಪಕ್ಕದ ಹುಡುಗನೂ ಎಲೆ ತೋರಿಸಿದ. 'ನೀನು ಗಂಡಸು, ದುಡ್ಡು ಕೊಡು!' ಅಂತ ಜಗಳ ಶುರುವಾಯಿತು. ಶಕ್ತಿ ಯೋಜನೆ ಬಂದದ್ದು 2023ರ ಜೂನ್‌ನಲ್ಲಿ. ಅಮ್ಮನ ಸೊಂಟದ ಮೇಲೆ ಕೂತು ಅವರು ಕಂಡದ್ದೆಲ್ಲ ಚಾಪೆಯ ಮೇಲೆ ಬಂದಿತ್ತು.

ಇಲ್ಲಿ ಆ ಎಲೆಯನ್ನು ಗಮನಿಸಬೇಕು. ಅದು ಎಲೆ ಅಂತ ಎಲ್ಲರಿಗೂ ಗೊತ್ತು. ಆದರೂ ಅದು ಕಾರ್ಡು. ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲಬಲ್ಲದು ಅನ್ನುವ ಈ ತಿಳಿವಳಿಕೆಯನ್ನು ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ ತುಂಬ ದೊಡ್ಡದು ಅಂತ ಕಂಡರು. ಮುಂದೆ 'ಮ' ಅನ್ನುವ ಗೆರೆ ಒಂದು ಸದ್ದಿನ ಬದಲಿಗೆ ನಿಲ್ಲುತ್ತದೆ ಅಂತ ಮಗು ಒಪ್ಪಬೇಕಲ್ಲ, ಅದಕ್ಕೆ ಬುನಾದಿ ಇದೇ. 1948ರಲ್ಲಿ ಸೋವಿಯತ್ ಸಂಶೋಧಕಿ ಮನುಯಿಲೆಂಕೊ ಇನ್ನೊಂದನ್ನು ತೋರಿಸಿದರು. ಸುಮ್ಮನೆ ಅಲ್ಲಾಡದೆ ನಿಲ್ಲು ಅಂದರೆ ಚಿಕ್ಕ ಮಕ್ಕಳು ಬೇಗ ಸೋಲುತ್ತಿದ್ದರು. ಕಾವಲುಗಾರನ ಪಾತ್ರ ಕೊಟ್ಟರೆ ಎಷ್ಟೋ ಹೊತ್ತು ನಿಲ್ಲುತ್ತಿದ್ದರು. ನಮ್ಮ ಕಂಡಕ್ಟರೂ ಹಾಗೇ. ಊಟಕ್ಕೆ ಕೂತಾಗ ಎರಡು ನಿಮಿಷ ನಿಲ್ಲದವನು ಬಸ್ಸಿನಲ್ಲಿ ಕಾಲು ಗಂಟೆ ಜಾಗ ಬಿಡಲಿಲ್ಲ.

ಗುರುವಾರ ಉಲ್ಟಾ ಆಟ ಮುಗಿದ ಮೇಲೆ ನೀರಿನ ಟಬ್ ಬಂತು, ಜೊತೆಗೆ ಹಳೆಯ ಪ್ಲಾಸ್ಟಿಕ್ ಬಾಟಲಿಗಳು. ಒಂದರ ತಳದ ಹತ್ತಿರ ಟೀಚರ್ ಬೇಕಂತಲೇ ತೂತು ಮಾಡಿದ್ದರು, ಆದರೆ ಹೇಳಿರಲಿಲ್ಲ. ಒಬ್ಬ ಪುಟ್ಟ ಅದಕ್ಕೆ ನೀರು ತುಂಬಿ ಎತ್ತಿದ. ಸುರ್ ಅಂತ ಹರಿಯಿತು. ಕಾಲು ಒದ್ದೆ. ಮತ್ತೆ ತುಂಬಿದ. ನಾಲ್ಕನೇ ಸಲ ಅಂಗೈಯಿಂದ ಬಾಟಲಿಯ ಬಾಯಿ ಮುಚ್ಚಿದ. ನೀರು ನಿಂತಿತು. ತೆಗೆದ, ಹರಿಯಿತು. ಮುಚ್ಚಿದ, ನಿಂತಿತು. ಅವನು ಟೀಚರ್ ಕಡೆ ನೋಡಿದ. ಅವರು ಹುಬ್ಬೇರಿಸಿದರು, ಅಷ್ಟೇ. ಮೇಲಿಂದ ಗಾಳಿ ಒಳಗೆ ಹೋದರೆ ತಾನೇ ಕೆಳಗಿಂದ ನೀರು ಹೊರಗೆ ಬರುವುದು? ಅದನ್ನು ವಿವರಿಸಲು ನನ್ನ ನಾಲಿಗೆ ತುರಿಸುತ್ತಿತ್ತು. ಟೀಚರ್ ನನ್ನ ಕಡೆ ತಿರುಗಿ ಬೇಡ ಅಂತ ಸನ್ನೆ ಮಾಡಿದರು.

ಅವರು ಮಾಡಿದ್ದೇ ಸರಿ. 2011ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಮಕ್ಕಳಿಗೆ ನಾಲ್ಕು ಗುಟ್ಟುಗಳಿರುವ ಒಂದು ಆಟಿಕೆ ಕೊಟ್ಟರು. ಕೆಲವರಿಗೆ 'ನೋಡು, ಇದು ಹೀಗೆ ಕೆಲಸ ಮಾಡುತ್ತೆ' ಅಂತ ಒಂದು ಗುಟ್ಟನ್ನು ಪಾಠದ ಹಾಗೆ ತೋರಿಸಿದರು. ಉಳಿದವರಿಗೆ ಹಾಗೆ ಕಲಿಸಲಿಲ್ಲ. ಕಲಿಸಿಕೊಂಡ ಮಕ್ಕಳು ಆ ಒಂದನ್ನೇ ಮಾಡುತ್ತ ಕೂತರು, ಬೇಗ ಬಿಟ್ಟೂಬಿಟ್ಟರು. ಉಳಿದವರು ಜಾಸ್ತಿ ಹೊತ್ತು ಆಡಿದರು, ಜಾಸ್ತಿ ಗುಟ್ಟು ಹುಡುಕಿದರು. ಹಾಗಂತ ಟೀಚರ್ ಇಲ್ಲದಿದ್ದರೂ ನಡೆಯುತ್ತದೆ ಅಂತಲ್ಲ. ತೂತಿನ ಬಾಟಲಿಯನ್ನು ಟಬ್ಬಿನ ಪಕ್ಕ ತಂದಿಟ್ಟವರು ಅವರೇ. ಯಾವಾಗ ಸುಮ್ಮನಿರಬೇಕು ಅಂತ ತಿಳಿದವರೂ ಅವರೇ. ನನ್ನ ಪ್ರಕಾರ ಇದು ಬೋರ್ಡಿನ ಮೇಲೆ ಬರೆಸುವುದಕ್ಕಿಂತ ಕಷ್ಟದ ಕೆಲಸ. ಈ ಕೆಲಸ ಮಾಡುವವರಿಗೆ ನಾವು ಗೌರವಧನ ಅಂತ ಕೊಡುತ್ತೇವೆ, ಸಂಬಳ ಅನ್ನುವುದಿಲ್ಲ. ಅದು ನನಗೆ ಬೇಜಾರಿನ ವಿಷಯ.

ಶುಕ್ರವಾರ ಒಬ್ಬರು ತಂದೆ ಬಾಗಿಲಲ್ಲಿ ನಿಂತು ಕೇಳಿದರು: 'ಟೀಚರ್, ನಾಲ್ಕು ತುಂಬ್ತು, ಇನ್ನೂ ಅ ಆ ಬರೆಯಲ್ಲ. ಬರೀ ಆಟ ಆಡಿಸ್ತೀರಲ್ಲ?' ಅವರ ಆತಂಕ ನನಗೆ ಅರ್ಥವಾಗುತ್ತದೆ. ಪಕ್ಕದ ಊರಿನ ಎಲ್‌ಕೆಜಿ ಮಗು ಪುಟಗಟ್ಟಲೆ ಬರೆಯುವುದನ್ನು ಅವರು ನೋಡಿದ್ದಾರೆ. ಆದರೆ ಮಣಿಕಟ್ಟಿನ ಎಂಟು ಮೂಳೆಗಳು ಹುಟ್ಟಿದಾಗ ಬರೀ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗುತ್ತ ಬರುತ್ತವೆ. ನಾಲ್ಕು ವರ್ಷದ ಮಗುವಿನ ಎಕ್ಸ್‌ರೇಯಲ್ಲಿ ಎಂಟೂ ಕಾಣುವುದಿಲ್ಲ. ಜೇಡಿಮಣ್ಣು ನಾದುವುದು, ಬೀಜ ಹೆಕ್ಕುವುದು, ಹೂ ಪೋಣಿಸುವುದು ಈ ಕೈಗೆ ತಕ್ಕ ಕೆಲಸ. ಕನ್ನಡದ ದುಂಡು ಅಕ್ಷರಗಳನ್ನು ತಿರುಗಿಸಲು ಬೇಕಾದ ಹಿಡಿತ ಅಲ್ಲಿಂದಲೇ ಬರುವುದು.

ಇನ್ನೊಂದು ವಿಷಯ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕನೇ ತರಗತಿ ಮುಟ್ಟಿದರೂ ಈ ಕಲಿಕೆ ಮುಗಿದಿರುವುದಿಲ್ಲ. ಇಷ್ಟು ಉದ್ದದ ದಾರಿಗೆ ನಾಲ್ಕನೇ ವರ್ಷದಲ್ಲೇ ಓಡಿಸಿ ಏನು ಸಿಗುತ್ತದೆ? ಅದಕ್ಕಿಂತ ಹೆಸರು ಹೇಳಿ ಚಪ್ಪಾಳೆ ತಟ್ಟುವ ಆಟ ಒಳ್ಳೆಯದು. ಕ-ಮ-ಲ, ಮೂರು ಚಪ್ಪಾಳೆ. ಮಾತನ್ನು ತುಂಡು ಮಾಡಿ ಕೇಳುವ ಕಿವಿ ಇದ್ದರೆ ಅಕ್ಷರ ಆಮೇಲೆ ಬೇಗ ಕೂರುತ್ತದೆ.

ಆಟದಿಂದ ಕಲಿಸುವುದು ನಿನ್ನೆ ಮೊನ್ನೆಯ ಫ್ಯಾಷನ್ ಕೂಡ ಅಲ್ಲ. ಶಿಕ್ಷಣತಜ್ಞ ಗಿಜುಭಾಯ್ ಬಧೇಕಾ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದದ್ದು 1920ರಲ್ಲಿ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಯೋಜನೆ 1975ರಲ್ಲಿ ತಿ. ನರಸೀಪುರದಿಂದ ಶುರುವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ವಯಸ್ಸಿಗೆ ಆಟವೇ ದಾರಿ ಅಂದಿದೆ.

ಟೀಚರ್ ಆ ತಂದೆಗೆ ಇದ್ಯಾವುದನ್ನೂ ಹೇಳಲಿಲ್ಲ. 'ನಾಳೆ ಬಿಡುವಿದ್ರೆ ಒಂದರ್ಧ ಗಂಟೆ ಕೂತ್ಕೊಂಡು ನೋಡಿ ಅಣ್ಣ' ಅಂದರು. ಅವರು ಬಂದರು. ಶನಿವಾರ ಬೆಳಿಗ್ಗೆ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಅಷ್ಟರಲ್ಲಿ ನೀರಾಟದ ಆ ಪುಟ್ಟ ಓಡಿಬಂದ. ಕೈಯಲ್ಲಿ ಮನೆಯಿಂದ ತಂದ ಬಾಟಲಿ. ಅಜ್ಜಿಯ ಹತ್ತಿರ ಹಟ ಮಾಡಿ ಎರಡು ತೂತು ಮಾಡಿಸಿದ್ದ, ಒಂದು ಮೇಲೆ, ಒಂದು ಕೆಳಗೆ.

'ಟೀಚರ್, ಬಾಯಿ ಮುಚ್ಚಿದ್ರೂ ನೀರು ನಿಲ್ತಾ ಇಲ್ಲ. ಯಾಕೆ?'

ಟೀಚರ್ ಸೆರಗು ಸಿಕ್ಕಿಸಿಕೊಂಡು ಅವನ ಎದುರು ಕುಕ್ಕರುಗಾಲಲ್ಲಿ ಕೂತರು. 'ಹೌದಾ? ಎಲ್ಲಿ, ತೋರ್ಸು.'