ಬೋಟಿನ ತಳದ ಸತುವಿಗೆ ಬಣ್ಣ ಬಳಿಯಬೇಡಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ರಜೆ. ಆ 61 ದಿನ ಮಲ್ಪೆಯಲ್ಲಿ ಮೀನಿನ ಗಲಾಟೆ ಕಡಿಮೆ, ಸುತ್ತಿಗೆ ಮತ್ತು ವೆಲ್ಡಿಂಗಿನ ಸದ್ದು ಜಾಸ್ತಿ. ಬೋಟನ್ನು ಮೇಲೆ ಎಳೆದು, ತಳ ಕೆರೆದು, ಬಣ್ಣ ಬಳಿಯುವ ಕಾಲ ಅದು.

ಕೆಲವು ವರ್ಷಗಳ ಹಿಂದೆ ನನ್ನ ಭಾವನ ಉಕ್ಕಿನ ಬೋಟೂ ಹೀಗೆ ಮೇಲೆ ನಿಂತಿತ್ತು. ತಳಕ್ಕೆಲ್ಲ ಹೊಸ ಕೆಂಪು ಬಣ್ಣ. ಚುಕ್ಕಾಣಿಯ ಹತ್ತಿರ ಇಟ್ಟಿಗೆಯಂಥ ನಾಲ್ಕು ಲೋಹದ ಗಟ್ಟಿಗಳಿದ್ದವು, ಅವಕ್ಕೂ ಅದೇ ಬಣ್ಣ. "ಎಷ್ಟು ನೀಟಾಗಿದೆ ನೋಡು ಮಾರಾಯ" ಎಂದರು ಭಾವ. ನನಗೂ ಆಗ ಏನೂ ಹೊಳೆಯಲಿಲ್ಲ. ಮುಂದಿನ ಮಳೆಗಾಲದಲ್ಲಿ ಬೋಟು ಮೇಲೆ ಬಂದಾಗ ಆ ನಾಲ್ಕೂ ಗಟ್ಟಿಗಳು ಇಟ್ಟ ಹಾಗೇ ಇದ್ದವು. ಪಕ್ಕದ ಚುಕ್ಕಾಣಿಯ ತಗಡು ಮಾತ್ರ ಸಿಡುಬಿನ ಕಲೆಯ ಹಾಗೆ ಗುಂಡಿ ಬಿದ್ದಿತ್ತು. ಬಾಲ್ ಪೆನ್ನಿನ ತುದಿ ಒಳಗೆ ಕೂರುವಷ್ಟು ಆಳದ ಗುಂಡಿಗಳು.

ಆ ಗಟ್ಟಿಗಳು ಸತುವಿನವು. ಸವೆಯುವುದಕ್ಕೆಂದೇ ಅವನ್ನು ಅಲ್ಲಿ ಹಾಕಿರುತ್ತಾರೆ. ಬಣ್ಣ ಬಳಿದರೆ ಅವು ಸವೆಯುವುದಿಲ್ಲ, ಅವುಗಳ ಬದಲು ಬೋಟು ಸವೆಯುತ್ತದೆ.

ಶಾಲೆಯಲ್ಲಿ ನಿಂಬೆಹಣ್ಣಿಗೆ ಒಂದು ತಾಮ್ರದ ತಂತಿ, ಒಂದು ಸತುವಿನ ಪಟ್ಟಿ ಚುಚ್ಚಿದ್ದು ನೆನಪಿದೆಯಲ್ವಾ? ಎರಡನ್ನೂ ಮೀಟರಿಗೆ ಜೋಡಿಸಿದರೆ ಮುಳ್ಳು ಅಲುಗುತ್ತದೆ. ಎರಡು ಬೇರೆ ಬೇರೆ ಲೋಹ, ನಡುವೆ ಹುಳಿ ಅಥವಾ ಉಪ್ಪಿನ ನೀರು, ಹೊರಗಿನಿಂದ ಒಂದು ತಂತಿ. ಇಷ್ಟಿದ್ದರೆ ಬ್ಯಾಟರಿ ತಯಾರು. ಇಟಲಿಯ ವೋಲ್ಟಾ 1800ರಲ್ಲಿ ಲೋಕಕ್ಕೆ ತಿಳಿಸಿದ್ದು ಇದನ್ನೇ. ಅವನು ತಟ್ಟೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ಬಟ್ಟೆ ಇಟ್ಟಿದ್ದ. ನಮ್ಮ ಬೋಟು ಇಡೀ ಸಮುದ್ರವನ್ನೇ ಇಟ್ಟುಕೊಂಡಿದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅದರಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ.

ಈಗ ಬೋಟಿನ ಹಿಂಭಾಗ ನೋಡಿ. ಒಡಲು ಉಕ್ಕು. ಫ್ಯಾನ್, ಅಂದರೆ ಪ್ರೊಪೆಲ್ಲರ್, ಕಂಚಿನದು. ಅದನ್ನು ತಿರುಗಿಸುವ ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲು. ಮೂರೂ ಒಂದೇ ನೀರಿನಲ್ಲಿ ಮುಳುಗಿವೆ, ಎಂಜಿನ್ ಮೂಲಕ ಒಂದಕ್ಕೊಂದು ತಾಗಿವೆ. ಪ್ರತಿ ಲೋಹಕ್ಕೂ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಗುಣ ಬೇರೆ ಬೇರೆ. ಕಂಚಿಗಿಂತ ಉಕ್ಕು ಬೇಗ ಬಿಟ್ಟುಕೊಡುತ್ತದೆ, ಉಕ್ಕಿಗಿಂತ ಸತು ಬೇಗ. ಯಾವುದು ಬೇಗ ಕೊಡುತ್ತದೋ ಅದು ಕರಗುತ್ತದೆ, ಉಳಿದದ್ದು ಬದುಕುತ್ತದೆ. ಸತು ಇಲ್ಲದಿದ್ದರೆ ಕಂಚಿಗಾಗಿ ಉಕ್ಕು ಕರಗುತ್ತದೆ. ಸತು ಇದ್ದರೆ ಎಲ್ಲರ ಪರವಾಗಿ ಅದೇ ಕರಗುತ್ತದೆ. ಉಕ್ಕಿಗೂ ಸತುವಿಗೂ ಇರುವ ವ್ಯತ್ಯಾಸ ಅರ್ಧ ವೋಲ್ಟಿಗಿಂತಲೂ ಕಡಿಮೆ. ಅಷ್ಟು ಸಣ್ಣ ಒತ್ತಡ ಹಗಲು ರಾತ್ರಿ ನಿಲ್ಲದೆ ಕೆಲಸ ಮಾಡುತ್ತದೆ.

ಮನೆಯ ಹಿತ್ತಲಲ್ಲೂ ಇದೇ ವಿಷಯ ಕಾಣಬಹುದು. ಜಿ.ಐ. ಶೀಟಿನ ಮೇಲಿರುವುದು ಸತುವಿನ ಲೇಪ. ಅದಕ್ಕೆ ಗೀರು ಬಿದ್ದರೂ ಸುತ್ತಲಿನ ಸತು ಕರಗುತ್ತಾ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ತವರ ಲೇಪಿಸಿದ ಹಳೆಯ ಎಣ್ಣೆ ಡಬ್ಬಕ್ಕೆ ಗೀರು ಬಿದ್ದರೆ ಕತೆ ತಿರುವುಮುರುವು. ಅಲ್ಲಿ ಕಬ್ಬಿಣವೇ ಮೊದಲು ಕರಗುತ್ತದೆ, ಗೀರಿನ ಜಾಗದಿಂದಲೇ ತುಕ್ಕು ಹಬ್ಬುತ್ತದೆ.

ಬೋಟಿಗೆ ಈ ಉಪಾಯ ಹುಡುಕಿದ್ದು ಇಂಗ್ಲೆಂಡಿನ ಹಂಫ್ರಿ ಡೇವಿ. ಆಗ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು, ಕಡಲು ಅದನ್ನು ತಿಂದುಹಾಕುತ್ತಿತ್ತು. ಡೇವಿ 1824ರಲ್ಲಿ ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿ ನೋಡಿದ. ಮೈಕೆಲ್ ಫ್ಯಾರಡೆ ಅವನ ಸಹಾಯಕ. ಪ್ರಯೋಗಕ್ಕೆ ಒಳಗಾದ ಹಡಗುಗಳಲ್ಲಿ ಒಂದು 'ಸಮರಾಂಗ್', ನಮ್ಮ ಪಕ್ಕದ ಕೊಚ್ಚಿಯಲ್ಲೇ ತೇಗದಲ್ಲಿ ಕಟ್ಟಿದ್ದು. ತಾಮ್ರವೇನೋ ಉಳಿಯಿತು. ಆದರೆ ಹಡಗುಗಳ ತಳಕ್ಕೆ ಪಾಚಿ, ಚಿಪ್ಪು ಎಲ್ಲ ಮೆತ್ತಿಕೊಂಡು ವೇಗ ಇಳಿಯತೊಡಗಿತು. ತಾಮ್ರ ಅಷ್ಟಷ್ಟೇ ಕರಗುತ್ತಾ ನೀರಿಗೆ ವಿಷ ಬಿಡುತ್ತಿದ್ದದ್ದೇ ಅವನ್ನೆಲ್ಲ ದೂರ ಇಟ್ಟಿತ್ತು. ಕರಗುವುದು ನಿಂತಿತು, ಚಿಪ್ಪು ಬಂದು ಕೂತಿತು. ನೌಕಾಪಡೆ ಪ್ರಯೋಗ ಕೈಬಿಟ್ಟಿತು. ನನಗೆ ಇದು ವಿಜ್ಞಾನದ ಬಹಳ ಇಷ್ಟದ ಪ್ರಸಂಗ. ಡೇವಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ, ಕಡಲಿನ ಜೀವಿಗಳು ಆ ಲೆಕ್ಕದೊಳಗೆ ಬಂದಿರಲಿಲ್ಲ ಅಷ್ಟೇ. ಮುಂದೆ ಉಕ್ಕಿನ ಹಡಗುಗಳ ಕಾಲಕ್ಕೆ ಅದೇ ಉಪಾಯ ಸರಿಯಾಗಿ ಕೂತಿತು.

ಸತು ಕೆಲಸ ಮಾಡಬೇಕಾದರೆ ಎರಡು ಕಡೆ ಸಂಪರ್ಕ ಬೇಕು. ಒಂದು ನೀರಿನೊಂದಿಗೆ, ಅದಕ್ಕೇ ಬಣ್ಣ ಕೂಡದು. ಇನ್ನೊಂದು ಕಾಯಬೇಕಾದ ಲೋಹದೊಂದಿಗೆ. ಗಟ್ಟಿಯೊಳಗೆ ಒಂದು ಉಕ್ಕಿನ ಪಟ್ಟಿ ಹಾದುಹೋಗಿರುತ್ತದೆ, ಅದನ್ನು ಒಡಲಿಗೆ ವೆಲ್ಡ್ ಮಾಡುತ್ತಾರೆ. ಬೋಲ್ಟ್ ಹಾಕಿದ್ದರೆ ನಡುವೆ ತುಕ್ಕಾಗಲಿ ಬಣ್ಣವಾಗಲಿ ಉಳಿಯಬಾರದು. ಶಾಫ್ಟಿನ ವಿಷಯ ಇನ್ನೂ ಸೂಕ್ಷ್ಮ. ಅದು ತಿರುಗುವಾಗ ಬೇರಿಂಗು, ಗೇರ್‌ಬಾಕ್ಸಿನಲ್ಲಿ ಎಣ್ಣೆಯ ಪದರ ಅಡ್ಡ ಬಂದು ಸಂಪರ್ಕ ಕಡಿದುಹೋಗಬಹುದು. ಆಗ ಶಾಫ್ಟಿಗೇ ಬಳೆಯಂಥ ಸತು ಹಾಕುತ್ತಾರೆ, ಇಲ್ಲವೇ ತಿರುಗುವ ಶಾಫ್ಟಿಗೆ ತಾಗಿಕೊಂಡೇ ಇರುವ ಬ್ರಷ್ ಕೂರಿಸುತ್ತಾರೆ.

ನೀರಿನ ಗುಣವೂ ಮುಖ್ಯ. ಮಂಗಳೂರಿನ ಹಳೆ ಬಂದರಿನಲ್ಲಿ ಬೋಟುಗಳು ನಿಲ್ಲುವುದು ನದಿಬಾಯಿಯಲ್ಲಿ, ಮಳೆಗಾಲದಲ್ಲಿ ಅಲ್ಲಿ ಸಿಹಿನೀರೇ ಹೆಚ್ಚು. ಸಿಹಿನೀರಿನಲ್ಲಿ ಸತುವಿನ ಮೈಗೆ ಬಿಳಿ ಹೊಪ್ಪಳೆ ಕಟ್ಟಿ ಅದು ಮಂಕಾಗುತ್ತದೆ. ಇಂಥ ಕಡೆ ಇದಕ್ಕೆಂದೇ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿ ವಾಸಿ. ಮರದ ಬೋಟಿಗೆ ಸತು ಜಾಸ್ತಿಯಾದರೂ ತೊಂದರೆಯೇ. ಕಾಪಾಡಿದ ಲೋಹದ ಸುತ್ತ ಕ್ಷಾರ ಹುಟ್ಟಿ ಬೋಲ್ಟಿನ ಪಕ್ಕದ ಮರ ಮೆತ್ತಗಾಗುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಕೆಲವೊಮ್ಮೆ ತಗಡು ವಾರಗಳಲ್ಲೇ ತೂತಾಗುತ್ತದೆ. ಆಗ ವೈರಿಂಗ್ ಕಡೆ ನೋಡಿ. ಕಾರಿನಲ್ಲಿ ಬ್ಯಾಟರಿಯ ಒಂದು ತಂತಿಯನ್ನು ಬಾಡಿಗೇ ಕೊಟ್ಟುಬಿಡುತ್ತಾರೆ, ಕರೆಂಟು ಬಾಡಿಯ ಮೂಲಕವೇ ವಾಪಸಾಗುತ್ತದೆ. ಉಕ್ಕಿನ ಬೋಟಿನಲ್ಲಿ ಹಾಗೆ ಮಾಡಲೇಬಾರದು. ಹೋಗಲು ಒಂದು ತಂತಿ, ಬರಲು ಒಂದು ತಂತಿ, ಎರಡೂ ಒಡಲಿನಿಂದ ದೂರ ಇರಬೇಕು. ತಳದ ಕೊಳೆನೀರನ್ನು ಎತ್ತುವ ಪಂಪಿನ ಒಂದು ಜಾಯಿಂಟಿನ ಟೇಪು ಬಿಚ್ಚಿ ನೀರಿಗೆ ತಾಗಿತು ಅಂದುಕೊಳ್ಳಿ. ಈಗ ಲೋಹವನ್ನು ತಳ್ಳುವುದು ಅರ್ಧ ವೋಲ್ಟ್ ಅಲ್ಲ, ಬ್ಯಾಟರಿಯ 12 ಅಥವಾ 24 ವೋಲ್ಟ್. ಫ್ಯಾರಡೆಯ ನಿಯಮದ ಪ್ರಕಾರ ಕಬ್ಬಿಣದಿಂದ ನೀರಿಗೆ ಒಂದು ಆಂಪಿಯರ್ ಒಂದು ವರ್ಷ ಹರಿದರೆ ಸುಮಾರು 9 ಕಿಲೋ ಕಬ್ಬಿಣ ಕರಗುತ್ತದೆ. ತಗಡಿನ ಎಲ್ಲ ಕಡೆಯಿಂದಲೂ ಕರಗುವುದಿಲ್ಲ, ಬಣ್ಣ ಎದ್ದ ಒಂದೇ ಸಣ್ಣ ಜಾಗದಿಂದ ಕರಗುತ್ತದೆ. ನಾಲ್ಕು ಸತುವಿನ ಗಟ್ಟಿ ಇದಕ್ಕೆ ಯಾವ ಮೂಲೆಗೂ ಸಾಲದು.

ಭಾವ ಈಗ ಜೇಬಿನಲ್ಲಿ ಮಲ್ಟಿಮೀಟರ್ ಇಟ್ಟುಕೊಂಡೇ ಬೋಟಿನ ಕೆಳಗೆ ನುಗ್ಗುತ್ತಾರೆ. ಒಂದು ಕಡ್ಡಿ ಸತುವಿಗೆ, ಇನ್ನೊಂದು ಚುಕ್ಕಾಣಿಯ ಕೆರೆದ ಜಾಗಕ್ಕೆ. ಓಮ್ಸ್, ಅಂದರೆ ಕರೆಂಟಿಗಿರುವ ತಡೆ, ಸೊನ್ನೆಯ ಹತ್ತಿರ ಬಂದರೆ ಮಾತ್ರ ಮುಂದಿನ ಕೆಲಸ. ಬಣ್ಣದವರು ಬರುವ ಮೊದಲು ಪ್ರತಿ ಗಟ್ಟಿಗೂ ಹಳೆ ಪೇಪರು ಸುತ್ತಿ ಟೇಪು ಅಂಟಿಸುತ್ತಾರೆ, ನೀರಿಗಿಳಿಸುವ ದಿನ ತಾವೇ ಬಿಚ್ಚುತ್ತಾರೆ. ಹೋದ ಸಲ ಬೋಟು ಮೇಲೆ ಬಂದಾಗ ನಾನೂ ಹೋಗಿದ್ದೆ. ನಾಲ್ಕು ಗಟ್ಟಿಗಳೂ ಇಲಿ ಕಚ್ಚಿದ ಬೆಲ್ಲದ ಅಚ್ಚಿನ ಹಾಗೆ ಅರ್ಧಕ್ಕರ್ಧ ಸವೆದಿದ್ದವು. ಭಾವ ಒಂದೊಂದನ್ನೂ ಸವರಿ ನೋಡಿ, ನಕ್ಕು, ಹೊಸದಕ್ಕೆ ಫೋನ್ ಮಾಡಿದರು.