ಇಂಗ್ಲಿಷ್ ಪರೀಕ್ಷೆಯನ್ನು ಸಮೋವನ್ ಭಾಷೆಗೆ ಅನುವಾದಿಸಿದರೆ ಸಾಲದೇ?

ಓದುಗರ ಪ್ರಶ್ನೆ: ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳ ಮೂಲದವರಾದ, ನ್ಯೂಜಿಲೆಂಡಿನ ಸಮೋವನ್ ಮನೆಗಳ ಪುಟ್ಟ ಮಕ್ಕಳಿಗೆ ಮಾತಿನ ತೊಂದರೆ ಇದೆಯೇ ಎಂದು ತಿಳಿಯಲು ಇಂಗ್ಲಿಷ್ ಪರೀಕ್ಷೆಯನ್ನೇ ಅವರ ಭಾಷೆಗೆ ಅನುವಾದಿಸಿ ಬಳಸಬಾರದೇ?

ಉತ್ತರ: ಅನುವಾದವೊಂದೇ ಸಾಲದು. 2018ರ ಜನಗಣತಿಯ ಪ್ರಕಾರ ಆ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಸಮೋವನ್ ಮಾತನಾಡುತ್ತಾರೆ; ಆದ್ದರಿಂದ ಇದು ಬೆರಳೆಣಿಕೆಯ ಮಕ್ಕಳ ಮಾತಲ್ಲ.

ಹುಡುಗನ ಚಿತ್ರ ತೋರಿಸಿ ‘ಇವನು ಯಾರು?’ ಎಂದು ಕೇಳಿದಾಗ ನಾಲ್ಕು ವರ್ಷದ ಮಗು ‘ತಮ’ ಎನ್ನುವ ಬದಲು ‘ಕಮ’ ಎಂದಿತೆನ್ನಿ. ಇಂಗ್ಲಿಷ್ ಕಲಿಯುವ ಮಗು ಹೀಗೆ ತಕಾರದ ಜಾಗದಲ್ಲಿ ಕಕಾರವನ್ನು ಆಡಿದರೆ ವಾಕ್ ಚಿಕಿತ್ಸಕರು ಅದನ್ನು ಸಹಜ ಬೆಳವಣಿಗೆಯಲ್ಲಿ ಅಪರೂಪವಾದ ದೋಷವೆಂದು ಗುರುತು ಹಾಕಿಕೊಳ್ಳುತ್ತಾರೆ. ಸಮೋವನ್ ಮಗು ಮಾತ್ರ ಮನೆಯಲ್ಲಿ ಕೇಳಿದ್ದನ್ನೇ ಸರಿಯಾಗಿ ನುಡಿದಿದೆ. ಆ ಭಾಷೆಗೆ ಎರಡು ನುಡಿರೀತಿಗಳಿವೆ: ಚರ್ಚು, ಶಾಲೆ, ಪ್ರಾರ್ಥನೆ, ಬರಹಗಳಲ್ಲಿ ‘ತ’ ಮತ್ತು ‘ನ’ ಇದ್ದಲ್ಲಿ ಮನೆಮಾತಿನಲ್ಲಿ ‘ಕ’ ಮತ್ತು ‘ಙ’ ಬರುತ್ತವೆ. ಹಳ್ಳಿಯ ಸಭೆಯಲ್ಲಿ ಮುಖಂಡರು ಮಾಡುವ ಗಂಭೀರ ಭಾಷಣವೂ ಕಕಾರದ ರೀತಿಯಲ್ಲೇ ಇರುವುದರಿಂದ ಅದನ್ನು ಅಶಿಕ್ಷಿತರ ಮಾತೆಂದು ತಳ್ಳಿಹಾಕುವುದು ತಪ್ಪು.

ಸಮೋವನ್ ಪದಗಳೆಲ್ಲ ಸ್ವರದಲ್ಲೇ ಮುಗಿಯುತ್ತವೆ, ವ್ಯಂಜನಗಳು ಒತ್ತೊತ್ತಾಗಿ ಬರುವುದಿಲ್ಲ. ನಾವು ಬಸ್ಸಿಗೆ ಉಕಾರ ಸೇರಿಸಿಕೊಂಡಂತೆಯೇ ಆ ಮಕ್ಕಳೂ ಇಂಗ್ಲಿಷ್ ಪದದ ಕೊನೆಯನ್ನು ತಮ್ಮ ಭಾಷೆಗೆ ಹೊಂದಿಸಿಕೊಂಡರೆ ಅದು ರೋಗವಲ್ಲ. ಸ್ವರದ ದೀರ್ಘತೆಯ ವಿಷಯ ಹಾಗಲ್ಲ: ‘ತಮ’ ಎಂದರೆ ಹುಡುಗ, ‘ತಮಾ’ ಎಂದರೆ ತಂದೆ. ಮಗು ಈ ವ್ಯತ್ಯಾಸವನ್ನು ಹಿಡಿದಿದೆಯೇ ಎಂದು ನೋಡಲೇಬೇಕು, ಆದರೆ ಇಂಗ್ಲಿಷಿನಿಂದ ಅನುವಾದಿಸಿದ ಪರೀಕ್ಷೆಗೆ ಅದು ಹೊಳೆಯುವುದೇ ಇಲ್ಲ.

ಪದಗಳನ್ನು ಕಲಿಯುವ ಕ್ರಮವೂ ಬೇರೆ. ಸಮೋವಾದ ಮಕ್ಕಳು ‘ಬಾ’ ಎಂಬ ಅರ್ಥದ ‘ಸೌ’ಗಿಂತ ಮೊದಲು ‘ಕೊಡು’ ಎಂಬ ಅರ್ಥದ ‘ಅವುಮಾಯಿ’ಯನ್ನು ಬಳಸುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ‘ಬಾ’ ಎನ್ನುವುದು ಅರ್ಥದಲ್ಲಿ ಸರಳವೇ ಆದರೂ ಹಿರಿಯರನ್ನು ಚಿಕ್ಕವರು ಕರೆಯುವುದು ಅಲ್ಲಿ ಮರ್ಯಾದೆಯಲ್ಲ, ಬೇಡುವುದಕ್ಕೆ ಅಡ್ಡಿಯಿಲ್ಲ. ‘ಬಾ’ ಎನ್ನದ ಮಗುವಿನ ಅಂಕ ಕಳೆದರೆ ನಾವು ಅದರ ಸೌಜನ್ಯಕ್ಕೇ ದಂಡ ಹಾಕಿದಂತಾಗುತ್ತದೆ, ಇದು ನನ್ನನ್ನು ನಿಜಕ್ಕೂ ಕಳವಳಗೊಳಿಸುತ್ತದೆ.

ಭಾಷಾಬೆಳವಣಿಗೆಯ ನಿಜವಾದ ತೊಂದರೆ ಮಗು ಆಡುವ ಎರಡೂ ಭಾಷೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಎರಡರಲ್ಲೂ ಕಥೆ ಹೇಳಿಸಬೇಕು, ಸಮೋವನ್ನಿನ ಎರಡೂ ನುಡಿರೀತಿಗಳನ್ನು ಬಲ್ಲವರು ಅದನ್ನು ಕೇಳಿಸಿಕೊಳ್ಳಬೇಕು. ಜೊತೆಗೆ ಈ ಮಗುವಿನ ಅಕ್ಕ, ಅಣ್ಣಂದಿರು ಇದೇ ವಯಸ್ಸಿನಲ್ಲಿ ಹೇಗೆ ಮಾತನಾಡುತ್ತಿದ್ದರು ಎಂದು ಮನೆಯ ಅಜ್ಜಿಯನ್ನು ವಿಚಾರಿಸಬೇಕು.